ಯಾರ ಸಾಲಕ್ಕೆ ಯಾರ ಪಿಗ್ಮಿ

ಸಾಲದ ವಿಷಯದಲ್ಲಿ ವಿದ್ಯಾವತಿಯಷ್ಟು ನಿಶ್ಚಿಂತೆಯಿಂದ ಇದ್ದವರು ವಿಜಯಪುರದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಸಾಲ ಇರಲಿಲ್ಲವೆಂದಲ್ಲ. ನರ್ಸಿಂಗ್ ಓದಲು ಬಬಲೇಶ್ವರದ ಬ್ಯಾಂಕಿನಲ್ಲಿ ತೆಗೆದ ಐದು ಲಕ್ಷ ಅವಳ ಹೆಸರಿನ ಮೇಲೇ ಇತ್ತು. ಆದರೆ ಅದು ತಿಂಗಳು ತಿಂಗಳು ತೀರುತ್ತ ಬಂದಿದೆ, ಇನ್ನೆರಡು ಮೂರು ವರ್ಷ ಹಲ್ಲು ಕಚ್ಚಿ ಹಿಡಿದರೆ ಮುಗಿದೇ ಹೋಗುತ್ತದೆ ಎಂದು ಅವಳು ನಂಬಿದ್ದಳು. ನಂಬಲು ಕಾರಣವೂ ಇತ್ತು. ಸೊಲ್ಲಾಪುರ ರಸ್ತೆಯ ಖಾಸಗಿ ಆಸ್ಪತ್ರೆಯಲ್ಲಿ ಪಗಾರ ಆದ ದಿನವೇ ಐದು ಸಾವಿರ ತೆಗೆದು ತಿಕೋಟಾದಲ್ಲಿದ್ದ ತಾಯಿ ಸತ್ಯವ್ವನಿಗೆ ಕಳಿಸುತ್ತಿದ್ದಳು. ಸತ್ಯವ್ವ ಅದಕ್ಕೆ ತನ್ನ ಖಾನಾವಳಿಯ ದುಡಿಮೆಯನ್ನೂ ಸೇರಿಸಿ ಬ್ಯಾಂಕಿನವನ ಕೈಗೆ ಕೊಡುತ್ತಿದ್ದಳು. ಅದರ ಮೇಲೆ ಕೇಳುವುದೇನಿದೆ?

ಹಾಗಾಗಿ ಆ ಸೋಮವಾರ ಮಧ್ಯಾಹ್ನ ಹೀನಾ ಆಸ್ಪತ್ರೆಗೆ ಹುಡುಕಿಕೊಂಡು ಬಂದು ಹೇಳಿದ ಮಾತು ಅವಳಿಗೆ ಮೊದಲು ನಗು ತರಿಸಿತು.

ಹೀನಾ ಬಬಲೇಶ್ವರದ ಅಬ್ದುಲಸಮದರ ಕಿರಿಯ ಮಗಳು. ಆ ವರ್ಷ ಪಿಯುಸಿ ಮುಗಿಸಿ, ವಿಜಯಪುರದ ಒಂದು ಕಾಲೇಜಿನಲ್ಲಿ ಫಾರ್ಮಸಿ ಸೀಟು ಹಿಡಿದಿದ್ದಳು. ಮೊದಲ ವರ್ಷದ ಫೀ ಶನಿವಾರದೊಳಗೆ ಕಟ್ಟಬೇಕು, ಇಲ್ಲದಿದ್ದರೆ ಸೀಟು ಇನ್ನೊಬ್ಬರಿಗೆ. ಫೀಗಾಗಿ ಅಪ್ಪ ಮಗಳು ಬ್ಯಾಂಕಿಗೆ ಅರ್ಜಿ ಹಾಕಿದ್ದರು. ಅದು ವಾಪಸು ಬಂದಿತ್ತು.

“ಅಬ್ಬಾ ಜಾಮೀನು ನಿಂತ ಒಂದು ಸಾಲ ಮುಳುಗೇತಂತ ಅಕ್ಕಾ. ಅದಕ್ಕ ನಮಗ ಕೊಡಂಗಿಲ್ಲಂತ” ಎಂದಳು ಹೀನಾ.

ಯಾರ ಸಾಲಕ್ಕೆ ನಿಂತಿದ್ದರಂತೆ ಎಂದು ವಿದ್ಯಾವತಿ ಕೇಳಿದಳು. ಹೀನಾ ನೆಲ ನೋಡಿದಳು.

“ನಿಮ್ಮ ಸಾಲಕ್ಕ.”

ವಿದ್ಯಾವತಿ ನಕ್ಕಳು. ತನ್ನದು ತಪ್ಪದೆ ಕಟ್ಟಿ ಹೋಗುತ್ತಿದೆ, ಕಂಪ್ಯೂಟರಿನಲ್ಲಿ ಏನೋ ಎಡವಟ್ಟಾಗಿರಬೇಕು, ನಾಳೆಯೇ ಸರಿ ಮಾಡಿಸುತ್ತೇನೆ ಎಂದು ಹುಡುಗಿಗೆ ಚಹಾ ಕುಡಿಸಿದಳು. ಹೀನಾ ಚಹಾ ಕುಡಿದಳು, ನಗಲಿಲ್ಲ. ತಾನು ಇಲ್ಲಿಗೆ ಬಂದದ್ದು ಅಬ್ಬಾನಿಗೆ ಗೊತ್ತಿಲ್ಲ, ಗೊತ್ತಾದರೆ ಬೈಯುತ್ತಾರೆ, ‘ಅಮರಪ್ಪನ ಮಗಳ ಮುಂದೆ ಸಾಲದ ಮಾತು ಎತ್ತಬೇಡ’ ಎಂದು ತಾಕೀತು ಮಾಡಿದ್ದಾರೆ ಎಂದು ಹೇಳಿ ಬಸ್ಸಿಗೆ ಹೋದಳು. ಆ ತಾಕೀತಿನ ಮಾತು ಕೇಳಿದ ಮೇಲೆ ವಿದ್ಯಾವತಿಯ ನಗು ಎಲ್ಲಿಗೋ ಹೋಯಿತು.

ಅಮರಪ್ಪ ಅವಳ ತಂದೆ, ಕಂಡಕ್ಟರ್. ಅಬ್ದುಲಸಮದ ಅದೇ ಬಸ್ಸಿನ ಡ್ರೈವರ್, ಅವಳ ಪಾಲಿಗೆ ಸಮದ ಕಾಕಾ. ಒಂದೇ ಬಸ್ಸಿನಲ್ಲಿ ವರ್ಷಗಟ್ಟಲೆ ಒಬ್ಬ ಸೀಟಿ ಊದಿ, ಇನ್ನೊಬ್ಬ ಗಾಡಿ ಬಿಟ್ಟು, ಕೊನೆಗೆ ಇಬ್ಬರ ಮನೆಗಳೂ ಒಂದೇ ಎನ್ನುವ ಹಾಗಾಗಿತ್ತು. ಜಾಮೀನು ಅನ್ನುವುದು ಇಂಥವರ ನಡುವೆ ಮದುವೆಯಲ್ಲಿ ಆಯೇರ ಮಾಡಿದ ಹಾಗೆ. ನೀ ನನಗೆ ಮಾಡು, ನಾ ನಿನಗೆ ಮಾಡುತ್ತೇನೆ. ಆಯೇರದ ಸೀರೆಯನ್ನು ಅಲ್ಲೇ ಬಿಚ್ಚಿ ನೋಡುವುದು ಹೇಗೆ ಮರ್ಯಾದೆಯಲ್ಲವೋ, ಜಾಮೀನಿನ ಕಾಗದವನ್ನು ಓದುವುದೂ ಹಾಗೆ ಮರ್ಯಾದೆಯಲ್ಲ. ಎಲ್ಲಿ ಸಹಿ ಹಾಕಬೇಕು ಎಂದು ಕೇಳುವುದು, ಹಾಕುವುದು, ಹೊರಗೆ ಬಂದು ಮಿರ್ಚಿ ಭಜಿ ತಿನ್ನುವುದು. ವಿದ್ಯಾವತಿಯ ಸಾಲಕ್ಕೆ ಸಮದ ಕಾಕಾ ಸಹಿ ಹಾಕಿದ ದಿನ ಅವಳೂ ಭಜಿ ತಿಂದಿದ್ದಳು.

ಅಮರಪ್ಪ ಇದ್ದಷ್ಟು ದಿನ ಕಂತು ತಪ್ಪಿರಲಿಲ್ಲ. ಅವನು ಎದೆನೋವಿನಿಂದ ಆಸ್ಪತ್ರೆ ಸೇರಿದಾಗ ವಿದ್ಯಾವತಿ ಯಾರಿಗೂ ಹೇಳದೆ ಮೊಬೈಲಿನ ಆ್ಯಪ್ ಒಂದರಲ್ಲಿ ಇಪ್ಪತ್ತು ಸಾವಿರ ಸಾಲ ಎತ್ತಿದ್ದಳು. ಅಪ್ಪ ಉಳಿಯಲಿಲ್ಲ. ಇಪ್ಪತ್ತಕ್ಕೆ ನಲವತ್ತು ಕಟ್ಟಿದರೂ ಆ ಆ್ಯಪಿನವರು ಬಿಡಲಿಲ್ಲ. ದಿನಕ್ಕೆ ಹತ್ತು ನಂಬರಿನಿಂದ ಫೋನು, ಹೊಲಸು ಬೈಗುಳ, ನಿನ್ನ ಫೋಟೋ ಊರಿಗೆಲ್ಲ ಕಳಿಸುತ್ತೇವೆ ಎಂಬ ಬೆದರಿಕೆ. ಅಂದಿನಿಂದ ಅವಳು ಗುರುತಿಲ್ಲದ ನಂಬರು ಬಂದರೆ ಎತ್ತುವುದೇ ಇಲ್ಲ, ಒತ್ತಿ ಬಂದ್ ಮಾಡಿಬಿಡುತ್ತಿದ್ದಳು. ಅವುಗಳಲ್ಲಿ ಬ್ಯಾಂಕಿನ ನಂಬರೂ ಇದ್ದಿರಬಹುದು ಎಂದು ಅವಳಿಗೆ ಹೊಳೆದದ್ದು ಈಗ, ತಿಕೋಟಾದ ಬಸ್ಸಿನಲ್ಲಿ ಕುಳಿತ ಮೇಲೆ.

ತಿಕೋಟಾ ಬಸ್ ನಿಲ್ದಾಣದ ಎದುರು ಓಣಿಯಲ್ಲಿ ಸತ್ಯವ್ವನ ಖಾನಾವಳಿ. ಗಂಡ ತೀರಿಕೊಂಡ ಮೇಲೆ ಬಬಲೇಶ್ವರದ ಬಾಡಿಗೆ ಮನೆ ಬಿಟ್ಟು ತವರೂರಿಗೆ ಬಂದು, ತಂಗಿಯ ಮನೆಯ ಪಡಸಾಲೆಯಲ್ಲಿ ಒಲೆ ಹೂಡಿದ್ದಳು. ಒಣದ್ರಾಕ್ಷಿ ದಲಾಲರು, ತೋಟಗಳಿಗೆ ಔಷಧ ಮಾರುವ ಕಂಪನಿ ಹುಡುಗರು, ಬಸ್ಸಿನವರು, ಎಲ್ಲರೂ ಅವಳ ಬಿಸಿ ರೊಟ್ಟಿಗೆ ಒಗ್ಗಿಹೋಗಿದ್ದರು. ಮಗಳು ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದು ನೋಡಿ ಸತ್ಯವ್ವ ಹಂಚಿನ ಮೇಲಿನ ರೊಟ್ಟಿ ಮಗುಚುವುದನ್ನೇ ಮರೆತಳು.

ವಿದ್ಯಾವತಿ ಸುತ್ತು ಬಳಸದೆ, ಓದಿನ ಸಾಲವನ್ನು ಯಾರ ಕೈಯಲ್ಲಿ ಕಟ್ಟುತ್ತಿದ್ದೀ ಎಂದು ಕೇಳಿದಳು.

“ಮತ್ಯಾರ ಕೈಯಾಗ? ಬ್ಯಾಂಕಿನಾಂವನ ಕೈಯಾಗ. ಸಂಗನಬಸವ ದಿನಾ ಬರತಾನಲ” ಎಂದಳು ತಾಯಿ.

ಸಾಲದ ಕಂತು ವಸೂಲು ಮಾಡಲು ದಿನಾ ಮನೆ ಬಾಗಿಲಿಗೆ ಬರುವ ಬ್ಯಾಂಕು ಯಾವುದು? ಅವಳು ಆ ಸಂಗನಬಸವ ಬರುವವರೆಗೂ ರೊಟ್ಟಿ ಬಡಿಯುತ್ತ ಕುಳಿತಳು. ಸಂಜೆಗೆ ಅವನು ಬಂದ, ಹೆಗಲಿಗೆ ಚೀಲ, ಕೈಯಲ್ಲಿ ಚೀಟಿ ಕೊಡುವ ಸಣ್ಣ ಮಿಷನ್ನು. ಅವನು ಬ್ಯಾಂಕಿನವನಲ್ಲ. ಬಬಲೇಶ್ವರದಲ್ಲಿ ಆಫೀಸಿದ್ದ ಒಂದು ಸೊಸಾಯಿಟಿಯ ಪಿಗ್ಮಿ ಏಜೆಂಟ. ಅಂಗಡಿ ಅಂಗಡಿ ತಿರುಗಿ ದಿನಕ್ಕೆ ನೂರೋ ಇನ್ನೂರೋ ಇಸಿದುಕೊಂಡು ಅವರವರ ಹೆಸರಿನಲ್ಲಿ ಕೂಡಿಡುವವನು. ಬಾಜಾರಿನ ಅರ್ಧ ಜನ ಅವನ ಹತ್ತಿರ ಪಿಗ್ಮಿ ಕಟ್ಟುತ್ತಿದ್ದರು, ಎಲ್ಲರೂ ಅವನನ್ನು ಬ್ಯಾಂಕಿನಾಂವ ಎಂದೇ ಕರೆಯುತ್ತಿದ್ದರು.

“ಇದು ಜಮಾ ಮಾಡೂ ರೊಕ್ಕ ತಂಗಿ, ಸಾಲದ್ದಲ್ಲ. ಮಗಳ ಸಾಲಕ್ಕಂತ ಕೂಡಸಾಕತ್ತೇನಿ ಅಂದ್ರು ಅವ್ವಾರು. ಕೂಡಿಸಿ ಒಮ್ಮೆಲೆ ಕಟ್ತಾರ ಅಂತ ನಾ ತಿಳ್ಕೊಂಡೆ. ಹಂಗ ಮಾಡವ್ರು ಬಾಳ ಮಂದಿ ಅದಾರ” ಎಂದ ಸಂಗನಬಸವ. ಅವನ ಮುಖದಲ್ಲಿ ಕಪಟವಿರಲಿಲ್ಲ. ಒಂದು ರೂಪಾಯಿ ಹೆಚ್ಚು ಕಡಿಮೆಯಾಗಿಲ್ಲ, ಬೇಕಾದರೆ ಆಫೀಸಿಗೆ ಬಂದು ನೋಡಿರಿ ಎಂದು ಅವನೇ ನೊಂದುಕೊಂಡ.

ಸತ್ಯವ್ವನಿಗೆ ಇದರಲ್ಲಿ ತಪ್ಪು ಎಲ್ಲಿದೆ ಎಂಬುದೇ ತಿಳಿಯಲಿಲ್ಲ. “ನಿಮ್ಮಪ್ಪ ಹೇಳತಿದ್ದಿಲ್ಲೇನ ಬೇ, ಯಾವ ಬಸ್ಸಿನ್ಯಾಗ ಚೀಟಿ ತಗೊಂಡ್ರೂ ರೊಕ್ಕ ಹೋಗಿ ಡಿಪೋದಾಗ ಬೀಳತೈತಿ ಅಂತ? ಬ್ಯಾಂಕಂದ್ರ ಹಂಗ ಅಲ್ಲೇನು?” ಎಂದು ಕೇಳಿದಳು.

ವಿದ್ಯಾವತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಂಡಕ್ಟರನ ಹೆಂಡತಿಯ ಲೆಕ್ಕ ಅದು, ಅವಳ ಮಟ್ಟಿಗೆ ಸರಿಯಾಗಿಯೇ ಇತ್ತು. ಗಾಜಿನ ಹಿಂದೆ ಕ್ಯಾಶಿಯರ್, ಗೋಡೆಯ ಮೇಲೆ ದೇವರ ಫೋಟೋ, ಮೂಲೆಯಲ್ಲಿ ತಿಜೋರಿ. ಬ್ಯಾಂಕಿಗೂ ಸೊಸಾಯಿಟಿಗೂ ಏನು ಫರಕು ಕಂಡೀತು? ಆದರೆ ಆ ಹೊತ್ತಿಗೆ ಅವಳಿಗೆ ತಾಯಿಯ ಮೇಲೆ ಸಿಟ್ಟೇ ಬಂತು. ಒಂದು ಮಾತು ನನ್ನನ್ನು ಕೇಳಬಾರದಿತ್ತೇ ಎಂದು ಗದರಿಸಿದಳು. ನೀನಾದರೂ ಒಂದು ಮಾತು ಕೇಳಿದ್ದೆಯಾ ಎಂದು ಸತ್ಯವ್ವ ಮೆಲ್ಲಗೆ ಅಂದಳು.

ಒಂದು ಸಮಾಧಾನ ಮಾತ್ರ ಇತ್ತು. ಸಾಲ ಕಟ್ಟಿಲ್ಲದಿದ್ದರೇನು, ರೊಕ್ಕ ಹೋಗಿಲ್ಲವಲ್ಲ. ಎರಡೂವರೆ ವರ್ಷದ ಪಿಗ್ಮಿ, ಎರಡು ಲಕ್ಷವಾದರೂ ದಾಟಿರಬೇಕು. ಅದನ್ನು ತೆಗೆದು ಬ್ಯಾಂಕಿಗೆ ಕಟ್ಟಿದರೆ ಕಾಕಾನ ಹೆಸರಿನ ಕಳಂಕ ಹೋಗುತ್ತದೆ, ಹೀನಾಳಿಗೆ ಶನಿವಾರದೊಳಗೆ ಸಾಲ ಸಿಗುತ್ತದೆ. ನಾಳೆ ಪಿಗ್ಮಿ ಮುರಿಯಬೇಕು ಎಂದು ಹೇಳಿದಾಗ ಸಂಗನಬಸವ ತನ್ನ ಗಾಡಿಯ ಟೈರು ನೋಡುತ್ತ ನಿಂತ.

“ಅದನ್ನ ಆಫೀಸಿನ್ಯಾಗ ಕೇಳ್ರಿ. ನಾ ರೊಕ್ಕ ಒಯ್ಯಾಂವ ಅಷ್ಟ, ಕೊಡಾಂವ ಅಲ್ಲ” ಎಂದು ಕಿಕ್ ಹೊಡೆದು ಹೊರಟುಹೋದ.

ಮರುದಿನ ತಾಯಿ ಮಗಳು ಬಬಲೇಶ್ವರಕ್ಕೆ ಹೋದರು. ಸತ್ಯವ್ವ ಖಾನಾವಳಿಗೆ ಬೀಗ ಹಾಕಿದ್ದು ಒಲೆ ಹೂಡಿದ ಮೇಲೆ ಅದೇ ಮೊದಲು. ಮೊದಲು ಬ್ಯಾಂಕಿನಲ್ಲಿ ಎಷ್ಟು ಬಾಕಿ ಇದೆಯೆಂದು ತಿಳಿದುಕೊಂಡು, ಆಮೇಲೆ ಸೊಸಾಯಿಟಿಗೆ ಹೋಗುವುದು ಎಂದು ವಿದ್ಯಾವತಿ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದಳು.

ಬ್ಯಾಂಕಿನ ಮ್ಯಾನೇಜರಮ್ಮ ದಕ್ಷಿಣದ ಕಡೆಯವರು, ಹೊಸದಾಗಿ ಬಂದವರು. ಆಧಾರ್ ನಂಬರು ಒತ್ತಿ, ಕಂಪ್ಯೂಟರ್ ನೋಡಿ, ವಿದ್ಯಾವತಿಯ ಮುಖ ನೋಡಿದರು. ಎರಡು ವರ್ಷದಿಂದ ನಿಮಗೆ ಫೋನ್ ಮಾಡಿ ಮಾಡಿ ಸಾಕಾಗಿದೆ, ಹಳೆಯ ವಿಳಾಸಕ್ಕೆ ಕಳಿಸಿದ ನೋಟೀಸುಗಳಿಗೂ ಉತ್ತರವಿಲ್ಲ, ನಿಮ್ಮ ಸಾಲ ಕೆಟ್ಟ ಸಾಲದ ಪಟ್ಟಿಗೆ ಹೋಗಿ ಬಹಳ ದಿನವಾಯಿತು ಎಂದರು. ವಿದ್ಯಾವತಿಯ ಕಿವಿ ಬಿಸಿಯಾದವು. ರೋಗಿಗಳ ಕಡೆಯವರಿಗೆ ಬಿಲ್ಲು ಕಟ್ಟಿರೆಂದು ತಾನು ಹೇಳುವಾಗ ಅವರು ತಲೆ ತಗ್ಗಿಸುವುದನ್ನು ಅವಳು ಎಷ್ಟು ಸಲ ನೋಡಿದ್ದಳೋ. ಈಗ ಅವಳ ತಲೆಯೇ ತಗ್ಗಿತ್ತು.

“ಹಾಗಂತ ಏನೂ ಕಟ್ಟಿಲ್ಲ ಅಂತಲ್ಲ. ಹೋದ ವರ್ಷ ಎರಡು ಸಲ ದೊಡ್ಡ ಮೊತ್ತ ಜಮಾ ಆಗಿದೆ, ಒಟ್ಟು ಒಂದು ಲಕ್ಷ ನಲವತ್ತು ಸಾವಿರ” ಎಂದರು ಮ್ಯಾನೇಜರಮ್ಮ.

ಸತ್ಯವ್ವ ಕುರ್ಚಿಯಲ್ಲಿ ನೆಟ್ಟಗಾದಳು. “ನೋಡಿದ್ಯಾ? ಎಲ್ಲಿ ಕೊಟ್ರೂ ಬಂದು ಮುಟ್ಟತೈತಿ ಅಂತ ನಾ ಹೇಳಲಿಲ್ಲೇನು?”

ಒಂದು ಕ್ಷಣ ವಿದ್ಯಾವತಿಗೂ ಹಾಗೇ ಅನಿಸಿಬಿಟ್ಟಿತು. ನಾಲ್ಕು ವರ್ಷ ಕಾಲೇಜು ಕಲಿತವಳು, ದಿನಾ ಹತ್ತು ರೋಗಿಗಳ ಔಷಧ ಲೆಕ್ಕ ಹಾಕುವವಳು, ಪಿಗ್ಮಿಯ ದುಡ್ಡು ಡಿಪೋದ ದುಡ್ಡಿನ ಹಾಗೆ ತಾನಾಗಿ ಹರಿದು ಬಂದು ಸೇರಿತೇನೋ ಎಂದು ನಂಬಲು ತಯಾರಾದಳು. ತಲೆ ಕೆಟ್ಟಾಗ ಮನುಷ್ಯ ಯಾವುದನ್ನೂ ನಂಬುತ್ತಾನೆ. ಆದರೆ ಪಿಗ್ಮಿ ದಿನಾ ಇನ್ನೂರೈವತ್ತು, ಇದು ಎರಡೇ ಸಲ, ಅದೂ ಇಷ್ಟು ದೊಡ್ಡದು. ಯಾರು ಕಟ್ಟಿದ್ದು ಎಂದು ಕೇಳಿದಳು.

ಕಟ್ಟಿದ್ದಲ್ಲ, ಬ್ಯಾಂಕೇ ಮುರಿದುಕೊಂಡದ್ದು ಎಂದರು ಮ್ಯಾನೇಜರಮ್ಮ. ಸಾಲಗಾರರು ಸಿಗದಿದ್ದಾಗ ಜಾಮೀನುದಾರರ ಖಾತೆಯಿಂದ ತೆಗೆಯುವ ಅಧಿಕಾರ ಬ್ಯಾಂಕಿಗಿದೆ. ಅಬ್ದುಲಸಮದರಿಗೆ ನಿವೃತ್ತಿಯ ಹಣ ಬಂದಾಗ ಬೇರೆ ಕಡಿತವೆಲ್ಲ ಹೋಗಿ ಖಾತೆಗೆ ಬಿದ್ದಷ್ಟನ್ನೂ ಮುರಿದಿದ್ದರು. ಅಷ್ಟಾದರೂ ಬಡ್ಡಿ ಸೇರಿ ಇನ್ನೂ ಎಂಬತ್ತು ಸಾವಿರದಷ್ಟು ಕಂತಿನ ಬಾಕಿ ಉಳಿದಿತ್ತು. ಅದು ಪೂರ್ತಿ ತೀರುವವರೆಗೆ ಸಾಲಗಾರ್ತಿಯ ಹೆಸರೂ ಸರಿಹೋಗುವುದಿಲ್ಲ, ಜಾಮೀನುದಾರರ ಹೆಸರೂ ಸರಿಹೋಗುವುದಿಲ್ಲ. ಇವತ್ತೇ ತೀರಿಸಿದರೂ ಹೆಸರು ಸರಿಯಾಗಿ ಕಾಣಿಸಲು ತಿಂಗಳು ಹಿಡಿಯುತ್ತದೆ.

ವಿದ್ಯಾವತಿ ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ಇಡೀ ಜೀವಮಾನ ಸ್ಟೀರಿಂಗ್ ಹಿಡಿದ ಮನುಷ್ಯನ ಕೊನೆಯ ಗಂಟನ್ನು ತನ್ನ ಓದು ತಿಂದುಹಾಕಿತ್ತು. ಅದನ್ನು ಅವರು ಹೇಳಿರಲಿಲ್ಲ. ಹೋದ ರಂಜಾನಿನಲ್ಲಿ ಅವಳು ಅವರ ಮನೆಗೆ ಹೋಗಿ ಶೀರಖುರ್ಮಾ ಕುಡಿದು ಬಂದಿದ್ದಳು. ಆಗಲೂ ಹೇಳಿರಲಿಲ್ಲ.

ಪಿಗ್ಮಿ ಮುರಿದು ಮೊದಲು ಕಾಕಾನ ಕೈಯಲ್ಲಿ ಇಡಬೇಕು, ಆ ರೊಕ್ಕದಿಂದಲೇ ಹೀನಾಳ ಫೀ ಕಟ್ಟಬಹುದು, ಉಳಿದದ್ದು ಆಮೇಲೆ ಎಂದುಕೊಂಡು ಅವಳು ತಾಯಿಯನ್ನು ಎಳೆದುಕೊಂಡೇ ಸೊಸಾಯಿಟಿಗೆ ನಡೆದಳು.

ಸೊಸಾಯಿಟಿಯ ಸೆಕ್ರೆಟರಿ ಊರಿನವನೇ. ಸತ್ಯವ್ವನ ಹೆಸರು ಕೇಳುತ್ತಲೇ ಎದ್ದು ನಮಸ್ಕಾರ ಮಾಡಿದ, ನೀರು ತರಿಸಿದ. ಅಷ್ಟು ಮರ್ಯಾದೆ ನೋಡಿದಾಗಲೇ ವಿದ್ಯಾವತಿಗೆ ಏನೋ ಕಾದಿದೆ ಅನಿಸಿತು. ಪಿಗ್ಮಿಯಲ್ಲಿ ಈಗ ಮೂವತ್ತು ಸಾವಿರದಷ್ಟು ಮಾತ್ರ ಇದೆ ಎಂದ ಅವನು. ಮೊದಲು ಕೂಡಿದ್ದನ್ನು ಒಂದು ಸಾಲಕ್ಕೆ ಹೊಂದಿಸಿಕೊಂಡಿದ್ದೇವೆ, ತಾಯಿಯವರು ಆ ಸಾಲಕ್ಕೆ ಜಾಮೀನು ನಿಂತಿದ್ದರಲ್ಲ ಎಂದ.

ಯಾರ ಸಾಲ ಎಂದು ವಿದ್ಯಾವತಿ ಕೇಳಿದಳು.

“ಡ್ರೈವರ್ ಸಮದಣ್ಣಂದು” ಎಂದ ಸೆಕ್ರೆಟರಿ.

ಸಮದ ಕಾಕಾ ಹಿರಿಯ ಮಗಳು ನಜಮಾಳ ಮದುವೆಗೆಂದು ಸೊಸಾಯಿಟಿಯಲ್ಲಿ ಸಾಲ ತೆಗೆದಿದ್ದರು. ಸೊಸಾಯಿಟಿಯ ಸದಸ್ಯರೇ ಜಾಮೀನು ಆಗಬೇಕು ಎಂದಾಗ ಅಮರಪ್ಪ ಸದಸ್ಯಳಾಗಿದ್ದ ಹೆಂಡತಿಯನ್ನು ಕರೆತಂದು ಸಹಿ ಹಾಕಿಸಿದ್ದ. ಅಂದೂ ಭಜಿ ತಿಂದಿರಬೇಕು. ಮೊದಲು ಚೆನ್ನಾಗಿ ಕಟ್ಟುತ್ತಿದ್ದ ಕಾಕಾ ಆಮೇಲೆ ತಪ್ಪಿದರು, ನಿವೃತ್ತಿ ಹಣ ಬಂದ ಕೂಡಲೇ ತೀರಿಸುತ್ತೇನೆ ಎಂದು ಹೇಳಿದ್ದವರು ಅದು ಬಂದ ಮೇಲೂ ಕಟ್ಟಲಿಲ್ಲ. ಸೊಸಾಯಿಟಿಯವರು ನೋಡುವಷ್ಟು ನೋಡಿ, ಜಾಮೀನುದಾರಳ ಪಿಗ್ಮಿಗೆ ಕೈ ಹಾಕಿದರು. ಈಗ ಸಮದಣ್ಣನ ಸಾಲ ಒಂದು ರೂಪಾಯಿ ಬಾಕಿ ಇಲ್ಲದೆ ಚೊಕ್ಕ ತೀರಿದೆ ಎಂದು ಸೆಕ್ರೆಟರಿ ಒಳ್ಳೆಯ ಸುದ್ದಿ ಹೇಳುವವನ ಹಾಗೆ ಹೇಳಿದ.

ಹೊರಗೆ ಬಂದು ವಿದ್ಯಾವತಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಿದಳು. ನನ್ನ ಸಾಲಕ್ಕೆ ಕಾಕಾನ ದುಡ್ಡು ಹೋಯಿತು. ಅದು ಹೋದದ್ದಕ್ಕೇ ಕಾಕಾನಿಗೆ ತಮ್ಮ ಸಾಲ ಕಟ್ಟಲಾಗಲಿಲ್ಲ. ಅವರು ಕಟ್ಟಲಿಲ್ಲವೆಂದು ಅವ್ವನ ಪಿಗ್ಮಿ ಹೋಯಿತು. ಆ ಪಿಗ್ಮಿಯಲ್ಲಿದ್ದದ್ದು ನನ್ನ ಪಗಾರ. ಹಾಗಾದರೆ ನಾನು ಕಟ್ಟಿದ್ದು ನಜಮಾಳ ಮದುವೆಯ ಸಾಲ, ಕಾಕಾ ಕಟ್ಟಿದ್ದು ನನ್ನ ಓದಿನ ಸಾಲ. ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ ಅನ್ನುತ್ತಾರೆ. ಇಲ್ಲಿ ಕೋಡಂಗಿ ಯಾರು, ಈರಭದ್ರ ಯಾರು? ಯಾರು ಯಾರಿಗೆ ಎಷ್ಟು ಕೊಡಬೇಕು? ಒಂದು ಕಡೆಯಿಂದ ಬಿಡಿಸಿದರೆ ಇನ್ನೊಂದು ಕಡೆ ಗಂಟು ಬೀಳುತ್ತಿತ್ತು. ಸತ್ಯವ್ವ ಮಾತ್ರ ಒಂದೇ ಮಾತು ಹಿಡಿದಿದ್ದಳು. ಸಮದಣ್ಣನ ಸಾಲ ತೀರಿತಲ್ಲ, ಚಲೋ ಆತು ಬಿಡು.

ಸಮದ ಕಾಕಾನ ಮನೆ ಜೈನಾಪುರಕ್ಕೆ ಹೋಗುವ ದಾರಿಯ ಬದಿಗೆ. ಅವರು ಈಗ ಒಂದು ಶಾಲೆಯ ವ್ಯಾನು ಓಡಿಸುತ್ತಿದ್ದರು. ಹುಡುಗರನ್ನು ಇಳಿಸಿ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದವರು ಬಾಗಿಲಲ್ಲಿ ಇಬ್ಬರನ್ನೂ ನೋಡಿ ಬರ್ರಿ ವೈನಿ, ಬಾ ಮಗಳ ಎಂದು ಚಾಪೆ ಹಾಸಿದರು. ಮುಖದಲ್ಲಿ ಸಂತೋಷ ಕಂಡಿತು, ಹಿಂದೆಯೇ ಅಂಜಿಕೆಯೂ ಕಂಡಿತು. ಒಳಗಿನಿಂದ ಹೀನಾ ಇಣುಕಿದಳು.

ಬ್ಯಾಂಕಿನಲ್ಲಿ ತಿಳಿದದ್ದನ್ನು ವಿದ್ಯಾವತಿ ಹೇಳಿದಳು. ಯಾಕೆ ಹೇಳಲಿಲ್ಲ ಕಾಕಾ ಎಂದು ಕೇಳಿದಳು.

“ಹ್ಯಾಂಗ ಹೇಳಲಿ ಮಗಳ? ನಿಮ್ಮಪ್ಪ ಹೋಗಿ ಆಗ ವರ್ಷ ಆಗಿತ್ತಷ್ಟ. ವೈನಿ ಒಲಿ ಮುಂದ ಕುಂತು ರೊಟ್ಟಿ ಬಡದು ಬದಕಾಕತ್ತಾರ. ಹೋಗಿ ರೊಕ್ಕ ಕಟ್ಟ್ರಿ ಅಂತ ಯಾವ ಬಾಯಿಲೆ ಕೇಳಬೇಕಾಗಿತ್ತು?” ಎಂದರು ಅವರು.

ಆಮೇಲೆ ಸೊಸಾಯಿಟಿಯ ಸುದ್ದಿ ಹೇಳಿದಳು. ಅದು ಅವರಿಗೆ ಗೊತ್ತೇ ಇರಲಿಲ್ಲ. ನಾಲ್ಕು ತಿಂಗಳಿಂದ ಸೆಕ್ರೆಟರಿ ತನ್ನನ್ನು ಕೇಳದೆ ಇದ್ದದ್ದು ಹಳೆಯ ಗುರುತಿನ ಮರ್ಯಾದೆಗೆ, ಪಾಪ, ಟೈಮು ಕೊಡುತ್ತಿದ್ದಾನೆ ಎಂದೇ ತಿಳಿದಿದ್ದರಂತೆ. ಎದುರಿಗೆ ಸಿಕ್ಕಾಗ ನಾಚಿ ಓಣಿ ಬದಲಿಸುತ್ತಿದ್ದರಂತೆ. ಈಗ ಅವರು ಸತ್ಯವ್ವನ ಮುಖ ನೋಡಲಾರದೆ ಗೋಡೆ ನೋಡುತ್ತ ಕುಳಿತರು. ಇಬ್ಬರು ಮಕ್ಕಳ ಎದುರು ಆ ಗಟ್ಟಿ ಮನುಷ್ಯ ಅತ್ತುಬಿಡುತ್ತಾರೇನೋ ಎಂದು ವಿದ್ಯಾವತಿಗೆ ಭಯವಾಯಿತು.

ಆಮೇಲೆ ಶುರುವಾದದ್ದು ವಿಚಿತ್ರ ಜಗಳ. ಸಾಲದ ಜಗಳದಲ್ಲಿ ಜನ ನೀ ನನಗೆ ಕೊಡಬೇಕು ಎನ್ನುತ್ತಾರೆ. ಇಲ್ಲಿ ಇಬ್ಬರೂ ನಾ ನಿನಗೆ ಕೊಡಬೇಕು ಎಂದು ಹಟ ಹಿಡಿದರು. ನಿಮ್ಮ ಪಿಗ್ಮಿ ಎರಡು ಲಕ್ಷ, ನನ್ನದು ಮುರಿದದ್ದು ಅದಕ್ಕಿಂತ ಕಡಿಮೆ, ಮೇಲಿನದು ನಾನು ಕೊಡಬೇಕು ಎಂದರು ಕಾಕಾ. ನಿಮ್ಮ ರೊಕ್ಕ ಬ್ಯಾಂಕಿನವರು ತಿನ್ನದಿದ್ದರೆ ನೀವು ಯಾಕೆ ತಪ್ಪುತ್ತಿದ್ದಿರಿ, ಬಡ್ಡಿ ಸಮೇತ ನಾವೇ ಕೊಡಬೇಕು ಎಂದಳು ಸತ್ಯವ್ವ. ಅಮರಪ್ಪನನ್ನು ನಡುವೆ ತಂದರು, ನಜಮಾಳ ಮದುವೆಯ ಊಟವನ್ನು ತಂದರು. ಯಾರಿಗೂ ಲೆಕ್ಕ ತಿಳಿಯುತ್ತಿರಲಿಲ್ಲ, ಯಾರೂ ಬಿಡುತ್ತಲೂ ಇರಲಿಲ್ಲ. ವಿದ್ಯಾವತಿಗೆ ಇಬ್ಬರ ಮೇಲೂ ಮಮತೆ ಉಕ್ಕಿತು, ಹಾಗೆಯೇ ಇಬ್ಬರನ್ನೂ ಹಿಡಿದು ಅಲುಗಾಡಿಸಬೇಕು ಅನಿಸಿತು. ಇಷ್ಟು ಪ್ರೀತಿ ಇದ್ದವರು ಇಷ್ಟು ದಿನ ಬಾಯಿ ಹೊಲಿದುಕೊಂಡು ಇದ್ದದ್ದಕ್ಕೇ ಈ ಗತಿ ಬಂತಲ್ಲ. ಆ್ಯಪಿನ ಸಾಲ ನೆನಪಾಗಿ ತಾನೂ ಅದೇ ಜಾತಿಯವಳು ಎಂದು ಅವಳಿಗೆ ನಾಚಿಕೆಯಾಯಿತು.

“ಹಂಗಾದ್ರ ನನ್ನ ಫೀ?” ಎಂದಳು ಹೀನಾ, ಬಾಗಿಲ ಸಂದಿಯಿಂದ.

ಜಗಳ ನಿಂತಿತು. ಎರಡೂ ಮನೆಯ ದುಡ್ಡು ಎರಡೂ ಮನೆಯ ಸಾಲಕ್ಕೆ ಹೋಗಿತ್ತು, ಹುಡುಗಿಗೆ ಉಳಿದದ್ದು ಮೂವತ್ತು ಸಾವಿರದ ಪಿಗ್ಮಿ. ಫೀ ಒಂದು ಲಕ್ಷದ ಮೇಲೆ. ಕಾಕಾ ಮಗಳನ್ನು ನೋಡಿ, ಬರುವ ವರ್ಷ ನೋಡೋಣ, ಈ ವರ್ಷ ಡಿಗ್ರಿಗೆ ಹೋಗು ಎಂದರು. ಹೀನಾ ಹೂಂ ಎಂದಳು. ಅಷ್ಟು ಬೇಗ ಹೂಂ ಎಂದದ್ದನ್ನೇ ವಿದ್ಯಾವತಿಗೆ ತಡೆಯಲಾಗಲಿಲ್ಲ. ತನ್ನ ಸಾಲಕ್ಕಾಗಿ ಹೋಗುವುದು ಈ ಹುಡುಗಿಯ ಸೀಟು. ಇದನ್ನು ಯಾವ ಲೆಕ್ಕದಲ್ಲಿ ಹೊಂದಿಸುವುದು?

ಅವಳಿಗೆ ಸೆಕ್ರೆಟರಿಯ ಮಾತು ನೆನಪಾಯಿತು. ಸಮದಣ್ಣನ ಸಾಲ ಚೊಕ್ಕ ತೀರಿದೆ. ಬ್ಯಾಂಕಿನಲ್ಲಿ ಕೆಟ್ಟ ಹೆಸರು, ಸರಿ. ಆದರೆ ಸೊಸಾಯಿಟಿಯಲ್ಲಿ ಕಾಕಾ ಈಗ ಸಾಲ ತೀರಿಸಿದ ಒಳ್ಳೆಯ ಸದಸ್ಯರು. ಅಲ್ಲಿ ಹೊಸ ಸಾಲ ಹುಟ್ಟುತ್ತದೆ. ಸೊಸಾಯಿಟಿಗೆ ಬ್ಯಾಂಕಿನ ಪಟ್ಟಿ ಗಿಟ್ಟಿ ಬೇಕಿರಲಿಲ್ಲ, ಪಗಾರದ ಚೀಟಿ ಮತ್ತು ಮುಖದ ಗುರುತು ಸಾಕಿತ್ತು. ಜಾಮೀನಿಗೆ ಇಬ್ಬರು ಬೇಕಾಗುತ್ತಾರೆ, ಅವ್ವ ಮತ್ತು ನಾನು, ನಾನೂ ಸದಸ್ಯಳಾಗುತ್ತೇನೆ ಎಂದಳು.

ಕಾಕಾ ಹೌಹಾರಿದರು. “ಬ್ಯಾಡ ಮಗಳ. ಇಷ್ಟ ಆದ ಮ್ಯಾಲೂ ಮತ್ತ ಜಾಮೀನ?”

ಮತ್ತೆ ಜಾಮೀನೇ. ವಿದ್ಯಾವತಿಗೂ ಅದು ಹುಚ್ಚುತನವಾಗಿಯೇ ಕಂಡಿತು. ಬಿದ್ದ ಬಾವಿಗೇ ಮತ್ತೆ ಇಳಿದ ಹಾಗೆ. ಆದರೆ ಬೇರೆ ಬಾ‍ವಿ ಯಾವುದಿತ್ತು? ಮೊಬೈಲಿನದೇ? ರಾತ್ರಿಯೆಲ್ಲ ಅವಳು ಹಿಂದು ಮುಂದು ನೋಡಿದಳು, ತಲೆಬುಡ ಹತ್ತಲಿಲ್ಲ. ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಮ್ಯಾನೇಜರಮ್ಮನ ಎದುರು ನಿಂತು, ಎಂಬತ್ತು ಸಾವಿರ ಒಮ್ಮೆಗೆ ಇಲ್ಲ, ತಿಂಗಳಿಗೆ ಹತ್ತು ಸಾವಿರ ನಾನೇ ಬಂದು ಕಟ್ಟುತ್ತೇನೆ, ಇದು ನನ್ನ ನಂಬರು, ಇನ್ನು ಮೇಲೆ ಎತ್ತುತ್ತೇನೆ ಎಂದು ಹೇಳಿದಳು. ಪಗಾರದಲ್ಲಿ ಹತ್ತು ಹೋದರೆ ಉಳಿಯುವುದು ಏನೂ ಇಲ್ಲ, ಖಾನಾವಳಿಯ ರೊಟ್ಟಿಯೇ ಗತಿ.

ಗುರುವಾರ ಐವರು ಸೊಸಾಯಿಟಿಯಲ್ಲಿ ಸೇರಿದರು, ಸೆಕ್ರೆಟರಿಯನ್ನೂ ಹಿಡಿದು. ಸಾಲ ಹೀನಾಳ ಹೆಸರಿಗೆ ಮತ್ತು ಅವಳ ಅಬ್ಬಾನ ಹೆಸರಿಗೆ. ಕಾಗದ ತಯಾರಾಗಿತ್ತು. ಸೆಕ್ರೆಟರಿ ರೂಢಿಯಂತೆ ಪೆನ್ನಿನ ಗುರುತು ಹಾಕಿ, ಇಲ್ಲಿ, ಇಲ್ಲಿ ಮತ್ತು ಇಲ್ಲಿ ಎಂದು ತೋರಿಸಿದ. ಸತ್ಯವ್ವ ಆಗಲೇ ಪೆನ್ನು ಹಿಡಿದಿದ್ದಳು. ವಿದ್ಯಾವತಿ ತಾಯಿಯ ಕೈ ಹಿಡಿದಳು. ಪೂರ್ತಿ ಓದಿ ಹೇಳಿರಿ ಎಂದಳು. ಸೆಕ್ರೆಟರಿ ತನ್ನ ಸರ್ವಿಸಿನಲ್ಲಿ ಇಂಥ ಮಾತು ಕೇಳಿರಲಿಲ್ಲ. ನಮ್ಮ ಮೇಲೆ ಅಪನಂಬಿಕೆಯೇ ಎಂದು ಮುಖ ಸಿಂಡರಿಸಿದ. ಕಾಕಾನಿಗೂ ಸಂಕೋಚವಾಯಿತು. ಅವಳು ಕೈ ಬಿಡಲಿಲ್ಲ.

ಅವನು ಓದಿದ. ಓದುತ್ತ ಓದುತ್ತ ಜಾಮೀನಿನ ಸಾಲಿಗೆ ಬಂದ. ಸಾಲಗಾರರು ಕಟ್ಟಲು ತಪ್ಪಿದಲ್ಲಿ ಜಾಮೀನುದಾರರು ಸದರಿ ಸಾಲವನ್ನು ತಮ್ಮ ಸ್ವಂತ ಸಾಲವೆಂದೇ ತಿಳಿದು ತೀರಿಸತಕ್ಕದ್ದು.

ಸತ್ಯವ್ವ ಸಮದಣ್ಣನ ಕಡೆ ನೋಡಿದಳು.

“ಇಷ್ಟ ಏನು ಬರದಿದ್ದು? ಇದನ್ನ ನಾವು ಓದಲಾರದ ಮಾಡೇವಲ್ಲ” ಎಂದಳು.

ಕಾಕಾ ಕಣ್ಣೊರೆಸಿಕೊಂಡು ಹೂಂ ಎಂದರು. ಆದರೆ ಹೀನಾ ಹೆದರಿದ್ದಳು. ಸ್ವಂತ ಸಾಲವೆಂದೇ ತಿಳಿದು ಎಂಬ ಮಾತು ಅವಳನ್ನು ಹಿಡಿದಿತ್ತು. ವಿದ್ಯಾವತಿಯ ತೋಳು ಜಗ್ಗಿದಳು.

“ಬ್ಯಾಡ ಅಕ್ಕಾ. ನಾಳೆ ನನಗ ಕಟ್ಟಾಕ ಆಗಲಿಲ್ಲಂದ್ರ?”

ಆಗುತ್ತದೆ, ಯಾಕೆ ಆಗುವುದಿಲ್ಲ, ನೀ ಚೆನ್ನಾಗಿ ಓದು ಎಂದು ಹೇಳುವುದು ಸುಲಭವಿತ್ತು. ಅಮರಪ್ಪ ಬದುಕಿದ್ದರೆ ಹಾಗೇ ಹೇಳುತ್ತಿದ್ದ. ವಿದ್ಯಾವತಿಗೆ ಆ ಮಾತು ಬಾಯಿಗೆ ಬರಲಿಲ್ಲ. ನಾಳೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದೂ ಇನ್ನೂ ಬಗೆಹರಿದಿರಲಿಲ್ಲ.

“ಆಗಲಿಲ್ಲಂದ್ರ ಆಗಲಿಲ್ಲಂತ ಬಂದು ನನ್ನ ಮುಂದ ಹೇಳು. ಅದಽ ದಿನ ಹೇಳು. ನಾ ಬೈತೇನಿ, ಬೈಸ್ಕೊ. ಆದ್ರ ಹೇಳು” ಎಂದಳು.

ಹೀನಾ ತಲೆಯಾಡಿಸಿದಳು. ವಿದ್ಯಾವತಿ ಪೆನ್ನು ತೆಗೆದುಕೊಂಡು ಆ ಸಾಲನ್ನು ತಾನೇ ಇನ್ನೊಮ್ಮೆ ಓದಿದಳು. ಹಿಂದೆ ಎಷ್ಟೋ ಕಾಗದಗಳಿಗೆ ಹೆದರದೆ ಸಹಿ ಹಾಕಿದ್ದಳು. ಇದಕ್ಕೆ ಹೆದರಿಕೊಂಡೇ ಹಾಕಿದಳು.